ನಿಂತ ಗಾಡಿ ಮತ್ತೆ ಓಡಬೇಕೇ? ಮೊದಲು ಅದು ನಿಲ್ಲುತ್ತದೆಯೇ ನೋಡಿ



ನಮ್ಮ ಗೋರಂಟ್ಲ, ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗದ ಕಡೆ ಮಳೆ ಕಡಿಮೆ. ಕಡಲೆಕಾಯಿ ಕಿತ್ತು ಮುಗಿಯಿತು ಅಂದರೆ ಹೊಲದಲ್ಲಿ ಕೆಲಸ ಇರುವುದಿಲ್ಲ. ಆಗ ಎಷ್ಟೋ ಮನೆಯವರು ಕೂಲಿಗೆಂದು ಬೆಂಗಳೂರಿಗೆ ಹೋಗುತ್ತಾರೆ. ಮನೆಗೆ ಬೀಗ ಬೀಳುತ್ತದೆ. ಕೋಳಿ, ಕುರಿಯನ್ನು ಯಾರಿಗಾದರೂ ಒಪ್ಪಿಸುತ್ತಾರೆ. ಗಾಡಿಯನ್ನು ಮಾತ್ರ ಪಡಸಾಲೆಯಲ್ಲೋ ದನದ ಕೊಟ್ಟಿಗೆಯಲ್ಲೋ ನಿಲ್ಲಿಸಿ, ಮೇಲೊಂದು ಗೋಣಿಚೀಲ ಹೊದಿಸಿ ಹೋಗುತ್ತಾರೆ.

ಚಳಿಗಾಲದಲ್ಲಿ ಹೋದವರು ಯುಗಾದಿಗೆ ಬರುತ್ತಾರೆ. ಕೆಲವರು ಮುಂಗಾರು ಬಿತ್ತನೆಗೆ ಬರುತ್ತಾರೆ. ಅಷ್ಟರಲ್ಲಿ ಗಾಡಿ ಮೂರು, ನಾಲ್ಕು, ಐದು ತಿಂಗಳು ನಿಂತಿರುತ್ತದೆ.

ಮಂಜು ಬೀಳುವ ದೇಶಗಳಲ್ಲೂ ಹೀಗೇ. ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಮಂಜು ಗಟ್ಟಿಯಾಗುತ್ತದೆ. ಎರಡು ಚಕ್ರದ ಗಾಡಿ ಜಾರುತ್ತದೆ. ಅದಕ್ಕೆ ಸ್ಕೂಟರನ್ನು ತಿಂಗಳುಗಟ್ಟಲೆ ಒಳಗೇ ಇಡುತ್ತಾರೆ. ಅಲ್ಲಿ ಮಂಜಿನ ಕಾರಣ, ಇಲ್ಲಿ ಕೂಲಿಯ ಕಾರಣ. ಆದರೆ ನಿಂತ ಗಾಡಿಗೆ ಆಗುವ ತೊಂದರೆ ಎಲ್ಲ ಕಡೆಯೂ ಒಂದೇ.

ಊರಿಗೆ ಬಂದ ದಿನ ನಾವು ಏನು ಮಾಡುತ್ತೇವೆ? ಗೋಣಿಚೀಲ ತೆಗೆದು ಒಗೆಯುತ್ತೇವೆ. ಕಿಕ್ ಮೇಲೆ ಕಿಕ್ ಹೊಡೆಯುತ್ತೇವೆ. ಹೇಗೋ ಸ್ಟಾರ್ಟ್ ಆಯಿತು ಅಂದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಂತೆಗೆ ಹೊರಟೇಬಿಡುತ್ತೇವೆ.

ಇಲ್ಲೇ ತಪ್ಪಾಗುವುದು. ಸ್ಟಾರ್ಟ್ ಆಗದ ಗಾಡಿಯಿಂದ ಯಾರಿಗೂ ಪೆಟ್ಟಾಗುವುದಿಲ್ಲ. ಸ್ಟಾರ್ಟ್ ಆಗಿ, ಬ್ರೇಕ್ ಹಿಡಿಯದ ಗಾಡಿಯಿಂದ ಪ್ರಾಣ ಹೋಗುತ್ತದೆ. ಪಾಲಸಮುದ್ರದ ಹತ್ತಿರ 44ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಇದೆ. ಅಲ್ಲಿ ಲಾರಿಗಳು ಹೇಗೆ ಬರುತ್ತವೆ ಎಂದು ನಿಮಗೇ ಗೊತ್ತು. ಅಂಥ ರಸ್ತೆಗೆ ಹೋಗುವ ಮುಂಚೆ ಗಾಡಿ ನಿಲ್ಲುತ್ತದೆಯೇ ಎಂದು ತಿಳಿದಿರಬೇಕು.

ಅದಕ್ಕೇ ಈ ಪಾಠ. ಒಂದು ಬೆಳಿಗ್ಗೆ ಇದಕ್ಕಾಗಿ ಬಿಡುವು ಮಾಡಿಕೊಳ್ಳಿ. ಒಂದಾದ ಮೇಲೆ ಒಂದು ಕೆಲಸ ಮಾಡೋಣ.

ನಿಮ್ಮ ಗಾಡಿ ಯಾವುದು?

ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವುದು ಟಿ.ವಿ.ಎಸ್. ಗಾಡಿ. ಹೊಸೂರಿನ ಕಾರ್ಖಾನೆಯಿಂದ ಟಿ.ವಿ.ಎಸ್. 50 ಮೊದಲು ಹೊರಬಂದದ್ದು 1980ರಲ್ಲಿ. ಆಮೇಲೆ ಎಕ್ಸ್.ಎಲ್. ಬಂತು, ಎಕ್ಸ್.ಎಲ್. ಸೂಪರ್ ಬಂತು. 2015ರಲ್ಲಿ ಎಕ್ಸ್.ಎಲ್. 100 ಬಂತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಮೂಟೆ ಎಲ್ಲವನ್ನೂ ಇವು ಹೊತ್ತಿವೆ. ಈಚೆಗೆ ಆಕ್ಟಿವಾದಂಥ ಸ್ಕೂಟರ್‌ಗಳೂ ಮನೆಮನೆಗೆ ಬಂದಿವೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಎರಡು ವಿಷಯ ತಿಳಿಯಬೇಕು.

ಒಂದು, ನಿಮ್ಮದು ಟೂ ಸ್ಟ್ರೋಕ್ ಗಾಡಿಯೋ, ಫೋರ್ ಸ್ಟ್ರೋಕ್ ಗಾಡಿಯೋ? ಹಳೆಯ ಟಿ.ವಿ.ಎಸ್. 50, ಎಕ್ಸ್.ಎಲ್. ಸೂಪರ್ ಇವು ಟೂ ಸ್ಟ್ರೋಕ್. ಇವುಗಳಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು. ಎಕ್ಸ್.ಎಲ್. 100, ಆಕ್ಟಿವಾ ಇವು ಫೋರ್ ಸ್ಟ್ರೋಕ್. ಇವುಗಳ ಪೆಟ್ರೋಲಿಗೆ ಆಯಿಲ್ ಬೆರೆಸಬಾರದು. ಇಂಜಿನ್ನಿಗೆ ಬೇರೆಯಾಗಿ ಆಯಿಲ್ ಹಾಕಬೇಕು.

ಎರಡು, ಗಾಡಿಯಲ್ಲಿ ಕಾರ್ಬರೇಟರ್ ಇದೆಯೋ ಇಲ್ಲವೋ? ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಸಾಮಾನಿಗೆ ಕಾರ್ಬರೇಟರ್ ಎನ್ನುತ್ತಾರೆ. 2020ರ ಏಪ್ರಿಲ್‌ನಿಂದ ಹೊಗೆಯ ನಿಯಮ ಬಿಗಿಯಾಯಿತು. ಅದಕ್ಕೇ ಆಮೇಲೆ ಬಂದ ಎಕ್ಸ್.ಎಲ್. 100, ಆಕ್ಟಿವಾಗಳಲ್ಲಿ ಕಾರ್ಬರೇಟರ್ ಇಲ್ಲ. ಪಂಪು ಮತ್ತು ಕರೆಂಟಿನ ಸಹಾಯದಿಂದ ಪೆಟ್ರೋಲ್ ಚಿಮ್ಮುತ್ತದೆ. ಆ ಭಾಗವನ್ನು ಮನೆಯಲ್ಲಿ ಬಿಚ್ಚಬೇಡಿ.

ಮೊದಲನೇ ಕೆಲಸ: ಹೊರಗೆ ತನ್ನಿ, ಸುತ್ತ ನೋಡಿ

ಗಾಡಿಯನ್ನು ಬಯಲಿಗೆ ತನ್ನಿ. ಅದು ಹಗಲು ಹೊತ್ತಾಗಿರಲಿ. ಹತ್ತಿರದಲ್ಲಿ ಒಲೆ, ದೀಪ, ಬೀಡಿ ಯಾವುದೂ ಇರಬಾರದು. ಒಂದು ಬಕೆಟ್ ಮರಳನ್ನು ಹತ್ತಿರ ಇಟ್ಟುಕೊಳ್ಳಿ. ಪೆಟ್ರೋಲಿಗೆ ಬೆಂಕಿ ಹತ್ತಿದರೆ ನೀರು ಎರಚಬಾರದು. ನೀರಿನ ಮೇಲೆ ಪೆಟ್ರೋಲ್ ತೇಲುತ್ತದೆ, ಬೆಂಕಿ ಹರಡುತ್ತದೆ. ಮರಳು ಇಲ್ಲವೇ ಮಣ್ಣು ಸುರಿಯಬೇಕು.

ಈಗ ಒಂದು ಕೋಲಿನಿಂದ ಗಾಡಿಯನ್ನು ಸುತ್ತಲೂ ಮೆಲ್ಲಗೆ ತಟ್ಟಿ. ಸೀಟಿನ ಕೆಳಗೆ ಚೇಳು, ಹಾವು ಸೇರಿರಬಹುದು. ಬರಿಗೈ ಹಾಕಬೇಡಿ.

ಇಲಿಗಳಿಗೆ ವೈರ್ ಕಡಿಯುವ ಚಾಳಿ ಇದೆ. ವೈರ್ ಮೇಲಿನ ರಬ್ಬರ್ ಹೋಗಿ ತಂತಿ ಕಾಣುತ್ತಿದೆಯೇ ನೋಡಿ. ಕಂಡರೆ ಬೀಗದಕೈ ತಿರುಗಿಸಬೇಡಿ. ಮೊದಲು ವೈರ್ ಸರಿಮಾಡಿಸಿ.

ಹೊಗೆ ಬರುವ ಸೈಲೆನ್ಸರ್ ಬಾಯಿಯನ್ನೂ ನೋಡಿ. ಕಣಜದ ಹುಳುಗಳು ಅಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ. ಹೊಗೆ ಹೊರಗೆ ಹೋಗದಿದ್ದರೆ ಇಂಜಿನ್ ಓಡುವುದಿಲ್ಲ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಮಾಡಿರಬಹುದು. ಅದನ್ನೂ ತೆರೆದು ನೋಡಿ, ಧೂಳು ಕೊಡವಿ.

ಎರಡನೇ ಕೆಲಸ: ಬ್ರೇಕ್

ಎಲ್ಲರೂ ಇಂಜಿನ್ನಿನಿಂದ ಶುರು ಮಾಡುತ್ತಾರೆ. ನಾವು ಬ್ರೇಕಿನಿಂದ ಶುರು ಮಾಡೋಣ.

ಗಾಡಿಯನ್ನು ಸ್ಟಾರ್ಟ್ ಮಾಡದೆ ಕೈಯಲ್ಲೇ ನೂಕಿ. ಸಲೀಸಾಗಿ ಮುಂದಕ್ಕೆ ಹೋಗುತ್ತದೆಯೇ? ಹೋಗದೆ ಬಿಗಿಯಾಗಿದ್ದರೆ ಬ್ರೇಕ್ ಒಳಗೆ ತುಕ್ಕು ಹಿಡಿದು ಅಂಟಿಕೊಂಡಿರಬಹುದು.

ನೂಕುತ್ತಾ ಮುಂದಿನ ಬ್ರೇಕ್ ಹಿಡಿಯಿರಿ. ಚಕ್ರ ನಿಂತಿತೇ? ಬಿಟ್ಟ ಕೂಡಲೇ ಹಿಡಿ ತನ್ನ ಜಾಗಕ್ಕೆ ವಾಪಸ್ ಬಂತೇ? ಹಿಂದಿನ ಬ್ರೇಕನ್ನೂ ಹೀಗೇ ನೋಡಿ.

ಹಿಡಿ ಪೂರ್ತಿ ಒಳಗೆ ಬಂದು ಹ್ಯಾಂಡಲ್ ಮುಟ್ಟಿದರೆ ಬ್ರೇಕ್ ಸಡಿಲವಾಗಿದೆ. ಹಿಡಿ ಬಿಟ್ಟರೂ ವಾಪಸ್ ಬರದಿದ್ದರೆ ಕೇಬಲ್ ಒಳಗೆ ಧೂಳು, ತುಕ್ಕು ಸೇರಿದೆ. ಕೇಬಲ್ಲಿಗೆ ಮೇಲಿನಿಂದ ಒಂದೆರಡು ಹನಿ ಆಯಿಲ್ ಬಿಟ್ಟು, ಹಿಡಿಯನ್ನು ಹತ್ತಿಪ್ಪತ್ತು ಸಲ ಒತ್ತಿ ಬಿಡಿ. ಕೇಬಲ್ಲಿನ ಎಳೆ ಒಂದಾದರೂ ಕಿತ್ತಿದ್ದರೆ ಹೊಸದನ್ನೇ ಹಾಕಿಸಿ. ಕೇಬಲ್ಲಿಗೆ ಕೊಡುವ ದುಡ್ಡು ಆಸ್ಪತ್ರೆಗೆ ಕೊಡುವ ದುಡ್ಡಿಗಿಂತ ತುಂಬಾ ಕಡಿಮೆ.

ಒಂದು ಎಚ್ಚರಿಕೆ. ಆಯಿಲ್ ಕೇಬಲ್ಲಿಗೆ ಮಾತ್ರ. ಚಕ್ರದ ಒಳಗಿರುವ ಬ್ರೇಕ್ ಷೂ ಮೇಲೆ ಆಯಿಲ್ ಬಿದ್ದರೆ ಬ್ರೇಕ್ ಜಾರುತ್ತದೆ. ಎಷ್ಟು ಹಿಡಿದರೂ ಗಾಡಿ ನಿಲ್ಲುವುದಿಲ್ಲ.

ಮೂರನೇ ಕೆಲಸ: ಟೈರ್

ನಿಂತಲ್ಲೇ ನಿಂತ ಗಾಡಿಯ ಟೈರಿನಲ್ಲಿ ಗಾಳಿ ಇಳಿದಿರುತ್ತದೆ. ಎಷ್ಟು ಗಾಳಿ ಹಾಕಬೇಕು ಎಂಬ ಅಂಕಿ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಎಷ್ಟೋ ಗಾಡಿಗಳ ಮೇಲೆ ಚೀಟಿಯೂ ಅಂಟಿಸಿರುತ್ತಾರೆ. ಮುಂದಿನ ಚಕ್ರಕ್ಕೆ ಒಂದು ಅಂಕಿ, ಹಿಂದಿನ ಚಕ್ರಕ್ಕೆ ಒಂದು ಅಂಕಿ. ಅದನ್ನು ಓದಿ, ಪಂಚರ್ ಅಂಗಡಿಯಲ್ಲಿ ಹೇಳಿ. "ಅಂದಾಜಿಗೆ ಹಾಕಪ್ಪ" ಅನ್ನಬೇಡಿ.

ಟೈರಿನ ಪಕ್ಕದಲ್ಲಿ ಬಿರುಕು ಇದೆಯೇ ನೋಡಿ. ಬಿಸಿಲಿಗೆ ರಬ್ಬರ್ ಒಣಗಿ ಸೀಳುತ್ತದೆ. ಕೆರೆಯ ಮಣ್ಣು ಬಿರಿದ ಹಾಗೆ ಕಾಣುತ್ತದೆ. ಅಂಥ ಟೈರ್ ಗಾಳಿ ಹಿಡಿದರೂ ನಂಬಬಾರದು.

ಟೈರ್ ಯಾವಾಗ ತಯಾರಾಯಿತು ಅಂತ ಟೈರೇ ಹೇಳುತ್ತದೆ. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 1423 ಎಂದು ಇದೆ ಅಂದುಕೊಳ್ಳಿ. ಮೊದಲ ಎರಡು ಅಂಕಿ ವಾರ, ಆಮೇಲಿನ ಎರಡು ಅಂಕಿ ವರ್ಷ. ಅಂದರೆ 2023ನೇ ಇಸವಿಯ 14ನೇ ವಾರ. ಅದು ಏಪ್ರಿಲ್ ತಿಂಗಳು. ಹೊಸ ಟೈರ್ ಕೊಳ್ಳುವಾಗಲೂ ಈ ಅಂಕಿ ಓದಿ. ಅಂಗಡಿಯಲ್ಲಿ ಬಹಳ ವರ್ಷ ಇದ್ದ ಟೈರನ್ನು ಹೊಸದೆಂದು ಕೊಟ್ಟರೆ ನಿಮಗೆ ಗೊತ್ತಾಗುತ್ತದೆ.

ಎಕ್ಸ್.ಎಲ್. ಗಾಡಿಗೆ ಚೈನ್ ಇದೆ. ತುಕ್ಕು ಹಿಡಿದಿದ್ದರೆ ಬಟ್ಟೆಯಿಂದ ಒರೆಸಿ ಆಯಿಲ್ ಬಿಡಿ. ಚೈನ್ ಜೋತು ಬಿದ್ದಿದ್ದರೆ ಬಿಗಿ ಮಾಡಿಸಿ.

ನಾಲ್ಕನೇ ಕೆಲಸ: ಹಳೇ ಪೆಟ್ರೋಲ್

ಪೆಟ್ರೋಲ್ ಹಳಸುತ್ತದೆಯೇ? ಹೌದು, ಒಂದು ರೀತಿಯಲ್ಲಿ ಹಳಸುತ್ತದೆ.

ಪೆಟ್ರೋಲಿನಲ್ಲಿ ಬೇಗ ಹೊತ್ತಿಕೊಳ್ಳುವ ಹಗುರವಾದ ಭಾಗ ಇರುತ್ತದೆ. ದಿನ ಕಳೆದ ಹಾಗೆ ಅದು ಆವಿಯಾಗಿ ಹೋಗುತ್ತದೆ. ನಮ್ಮ ಬಿಸಿಲಿಗೆ ಇನ್ನೂ ಬೇಗ ಹೋಗುತ್ತದೆ. ಉಳಿದದ್ದು ನಿಧಾನವಾಗಿ ಅಂಟಾಗುತ್ತದೆ. ಈ ಅಂಟು ಕಾರ್ಬರೇಟರಿನ ಸಣ್ಣ ತೂತಿನಲ್ಲಿ ಕೂರುತ್ತದೆ. ಆ ತೂತು ಸೂಜಿಯ ಮೊನೆಯಷ್ಟು ಸಣ್ಣದು. ಅದು ಮುಚ್ಚಿದರೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದಿಲ್ಲ. ನಿಂತ ಗಾಡಿ ಸ್ಟಾರ್ಟ್ ಆಗದೆ ಇರಲು ಮುಖ್ಯ ಕಾರಣ ಇದೇ.

ಇನ್ನೊಂದು ವಿಷಯ. ಈಗ ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುತ್ತಾರೆ. ನೂರು ಭಾಗಕ್ಕೆ 20 ಭಾಗದವರೆಗೆ ಬೆರೆಸುತ್ತಾರೆ. ಕಬ್ಬಿನಿಂದ, ಧಾನ್ಯದಿಂದ ಮಾಡುವ ಒಂದು ಬಗೆಯ ಸಾರಾಯಿಯೇ ಎಥನಾಲ್. ಅದು ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ಟ್ಯಾಂಕಿನಲ್ಲಿ ಬಹಳ ದಿನ ಇದ್ದರೆ ನೀರು ಸೇರಿ ತಳಕ್ಕೆ ಇಳಿಯಬಹುದು. ಹಳೆಯ ಗಾಡಿಯ ರಬ್ಬರ್ ಪೈಪು ಇದರಿಂದ ಬೇಗ ಹಾಳಾಗಬಹುದು. ಪೈಪು ಮುಟ್ಟಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ಟ್ಯಾಂಕ್ ಮುಚ್ಚಳ ತೆಗೆದು ದೂರದಿಂದಲೇ ವಾಸನೆ ನೋಡಿ. ಹೊಸ ಪೆಟ್ರೋಲಿನ ವಾಸನೆ ಚುರುಕಾಗಿ ಮೂಗಿಗೆ ಹೊಡೆಯುತ್ತದೆ. ಹಳೆಯದರ ವಾಸನೆ ಹುಳಿಹುಳಿಯಾಗಿ, ವಾರ್ನಿಷ್ ತರಹ ಇರುತ್ತದೆ. ಬಣ್ಣವೂ ಕಪ್ಪಾಗಿರುತ್ತದೆ. ಹಾಗಿದ್ದರೆ ಪೂರ್ತಿ ತೆಗೆದುಬಿಡಿ.

ತೆಗೆಯುವುದು ಹೇಗೆ? ಇಂಜಿನ್ ತಣ್ಣಗಿರಬೇಕು. ಎಕ್ಸ್.ಎಲ್. ನಂಥ ಗಾಡಿಯಲ್ಲಿ ಪೆಟ್ರೋಲ್ ಕಾಕ್ ಇರುತ್ತದೆ. ಕಾಕ್ ಮುಚ್ಚಿ, ಕಾರ್ಬರೇಟರ್ ಕಡೆಯಿಂದ ಪೈಪು ಬಿಡಿಸಿ. ಅದರ ತುದಿಯನ್ನು ಕ್ಯಾನಿಗೆ ಹಿಡಿದು ಕಾಕ್ ತೆರೆಯಿರಿ. ಪೆಟ್ರೋಲ್ ತಾನೇ ಇಳಿಯುತ್ತದೆ. ಕಾಕ್ ಇಲ್ಲದ ಸ್ಕೂಟರ್ ಆದರೆ ಈ ಕೆಲಸ ಮೆಕ್ಯಾನಿಕ್‌ಗೆ ಬಿಡಿ.

ಈ ಮೂರು ಕೆಲಸ ಎಂದೂ ಮಾಡಬೇಡಿ.

ಬಾಯಲ್ಲಿ ಪೈಪಿಟ್ಟು ಪೆಟ್ರೋಲ್ ಎಳೆಯಬೇಡಿ. ನಮ್ಮ ಕಡೆ ಇದು ಮಾಮೂಲು. ಆದರೆ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಅಪಾಯ.

ಕುಡಿಯುವ ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಪೆಟ್ರೋಲ್ ತುಂಬಬೇಡಿ. ಮಕ್ಕಳು ನೀರು ಅಂತ ಕುಡಿದುಬಿಡುತ್ತಾರೆ. ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕೂಡಲೇ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಹಳೇ ಪೆಟ್ರೋಲನ್ನು ಚರಂಡಿಗೆ, ಬಾವಿಯ ಹತ್ತಿರ ಚೆಲ್ಲಬೇಡಿ. ಒಲೆಗಂತೂ ಸುರಿಯಲೇಬೇಡಿ. ಮೆಕ್ಯಾನಿಕ್ ಅಂಗಡಿಗೆ ಕೊಡಿ. ಅವರು ಸಾಮಾನು ತೊಳೆಯಲು ಬಳಸುತ್ತಾರೆ.

ಟ್ಯಾಂಕ್ ಖಾಲಿಯಾದ ಮೇಲೆ ಕಾರ್ಬರೇಟರಿನ ಬುಡದಲ್ಲಿರುವ ಸಣ್ಣ ಸ್ಕ್ರೂ ಸಡಿಲ ಮಾಡಿ. ಅಲ್ಲಿ ಉಳಿದ ಹಳೇ ಪೆಟ್ರೋಲ್ ಇಳಿಯುತ್ತದೆ. ಅದನ್ನೂ ಕ್ಯಾನಿಗೇ ಹಿಡಿಯಿರಿ. ಸ್ಕ್ರೂ ಮತ್ತೆ ಬಿಗಿ ಮಾಡಿ. ಪೈಪನ್ನು ಮೊದಲಿನ ಹಾಗೆ ಸಿಕ್ಕಿಸಿ ಕ್ಲಿಪ್ ಹಾಕಿ. ಆಮೇಲೆ ಒಂದು ಲೀಟರ್ ಹೊಸ ಪೆಟ್ರೋಲ್ ಹಾಕಿ. ಟೂ ಸ್ಟ್ರೋಕ್ ಗಾಡಿಗೆ ಆಯಿಲ್ ಬೆರೆಸುವುದನ್ನು ಮರೆಯಬೇಡಿ. ಎಷ್ಟು ಮಿಲಿಲೀಟರ್ ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಆಯಿಲ್ ಕಡಿಮೆಯಾದರೆ ಇಂಜಿನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ.

ಹೊಸ ಪೆಟ್ರೋಲ್ ಹಾಕಿದ ಮೇಲೆ ಹತ್ತು ನಿಮಿಷ ಕಾಯಿರಿ. ಗಾಡಿಯ ಕೆಳಗೆ ನೆಲ ನೋಡಿ. ಒಂದು ಹನಿ ಪೆಟ್ರೋಲ್ ಬಿದ್ದಿದ್ದರೂ ಸ್ಟಾರ್ಟ್ ಮಾಡಬೇಡಿ. ಎಲ್ಲಿ ಸೋರುತ್ತಿದೆ ಎಂದು ಹುಡುಕಿ, ಸರಿಮಾಡಿಸಿ.

ಐದನೇ ಕೆಲಸ: ಆಯಿಲ್, ಪ್ಲಗ್, ಬ್ಯಾಟರಿ

ಫೋರ್ ಸ್ಟ್ರೋಕ್ ಗಾಡಿಯಲ್ಲಿ ಇಂಜಿನ್ ಆಯಿಲ್ ನೋಡಬೇಕು. ಆಯಿಲ್ ಹಾಕುವ ಬಾಯಿಗೆ ಒಂದು ಕಡ್ಡಿ ಇರುತ್ತದೆ. ಅದನ್ನು ತೆಗೆದು ಒರೆಸಿ, ಮತ್ತೆ ಇಳಿಸಿ ನೋಡಿ. ಕಡ್ಡಿಯ ಮೇಲೆ ಎರಡು ಗೆರೆ ಇವೆ. ಆಯಿಲ್ ಎರಡು ಗೆರೆಯ ನಡುವೆ ಇರಬೇಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಆಗ ಪೂರ್ತಿ ಬದಲಾಯಿಸಬೇಕು.

ಇನ್ನು ಪ್ಲಗ್. ಇಂಜಿನ್ ಒಳಗೆ ಕಿಡಿ ಹಾರಿಸುವುದು ಇದೇ. ಮೇಲಿನ ಕ್ಯಾಪ್ ಎಳೆದು, ಪ್ಲಗ್ ಪಾನಾದಿಂದ ಬಿಚ್ಚಿ. ತುದಿ ಕಪ್ಪಾಗಿದ್ದರೆ ಸಣ್ಣ ಬ್ರಷ್‌ನಿಂದ ಉಜ್ಜಿ ಒರೆಸಿ. ತುಂಬಾ ಹಳೆಯದಾಗಿದ್ದರೆ ಹೊಸದು ಹಾಕಿ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾ ಹಾಕಿ. ಓರೆಯಾಗಿ ಕೂತರೆ ಇಂಜಿನ್ನಿನ ಮರೆ ಹಾಳಾಗುತ್ತದೆ. ಕಿಡಿ ಬರುತ್ತದೆಯೇ ಅಂತ ಪೆಟ್ರೋಲ್ ಇರುವ ಜಾಗದಲ್ಲಿ ಪ್ಲಗ್ ಹೊರಗಿಟ್ಟು ಕಿಕ್ ಹೊಡೆಯಬೇಡಿ. ಆವಿಗೆ ಬೆಂಕಿ ಹತ್ತಬಹುದು.

ಬ್ಯಾಟರಿ ಕೂಡ ಸುಮ್ಮನೆ ಇದ್ದರೂ ಇಳಿಯುತ್ತದೆ. ಹಾರ್ನ್ ಒತ್ತಿ ನೋಡಿ. ದನಿ ಸಣ್ಣಗಿದ್ದರೆ ಚಾರ್ಜ್ ಇಲ್ಲ ಎಂದರ್ಥ. ಬ್ಯಾಟರಿ ಅಂಗಡಿಯಲ್ಲಿ ಚಾರ್ಜ್ ಮಾಡಿಸಿ. ಬಿಚ್ಚುವಾಗ ಮೊದಲು ಕಪ್ಪು ವೈರ್, ಆಮೇಲೆ ಕೆಂಪು ವೈರ್. ಜೋಡಿಸುವಾಗ ಮೊದಲು ಕೆಂಪು, ಆಮೇಲೆ ಕಪ್ಪು. ತುದಿಯಲ್ಲಿ ಬಿಳಿ ಪುಡಿ ಕೂತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ.

ಆರನೇ ಕೆಲಸ: ಸ್ಟಾರ್ಟ್ ಮಾಡುವುದು

ಒಲೆ ಉರಿಯಲು ಏನು ಬೇಕು? ಸೌದೆ ಬೇಕು, ಗಾಳಿ ಬೇಕು, ಕಿಡಿ ಬೇಕು. ಇಂಜಿನ್ನಿಗೂ ಅಷ್ಟೇ. ಪೆಟ್ರೋಲ್ ಸೌದೆ. ಏರ್ ಫಿಲ್ಟರಿನಿಂದ ಗಾಳಿ. ಪ್ಲಗ್ಗಿನಿಂದ ಕಿಡಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಉರಿಯುವುದಿಲ್ಲ. ಇಷ್ಟು ಹೊತ್ತು ನಾವು ಮಾಡಿದ್ದು ಈ ಮೂರನ್ನೂ ಸಿದ್ಧ ಮಾಡುವ ಕೆಲಸವೇ.

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಬಯಲಲ್ಲೇ ಸ್ಟಾರ್ಟ್ ಮಾಡಿ. ಮುಚ್ಚಿದ ಕೋಣೆಯಲ್ಲಿ ಬೇಡ. ಗಾಡಿಯ ಹೊಗೆಯಲ್ಲಿ ವಿಷದ ಗಾಳಿ ಇದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಿಳಿಯುವ ಮೊದಲೇ ಮನುಷ್ಯ ಬಿದ್ದುಹೋಗುತ್ತಾನೆ.

ಮೊದಲು ಬೀಗದಕೈ ಹಾಕದೆ ನಾಲ್ಕೈದು ಸಲ ನಿಧಾನವಾಗಿ ಕಿಕ್ ತುಳಿಯಿರಿ. ಒಣಗಿದ ಇಂಜಿನ್ನಿಗೆ ಆಯಿಲ್ ಹರಡಲಿ. ಕಿಕ್ ಅಲ್ಲಾಡದೆ ಗಟ್ಟಿಯಾಗಿದ್ದರೆ ಬಲ ಹಾಕಬೇಡಿ. ಮೆಕ್ಯಾನಿಕ್‌ನ ಕರೆಯಿರಿ.

ಈಗ ಪೆಟ್ರೋಲ್ ಕಾಕ್ ತೆರೆಯಿರಿ. ಚೋಕ್ ಎಳೆಯಿರಿ. ಬೀಗದಕೈ ತಿರುಗಿಸಿ ಕಿಕ್ ಹೊಡೆಯಿರಿ. ಸೆಲ್ಫ್ ಬಟನ್ ಆದರೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಸ್ವಲ್ಪ ಬಿಟ್ಟು ಮತ್ತೆ ಒತ್ತಿ. ಒತ್ತಿಯೇ ಇದ್ದರೆ ಬ್ಯಾಟರಿ ಹೋಗುತ್ತದೆ.

ಹತ್ತು ಸಲ ಹೊಡೆದರೂ ಆಗದೆ, ಪೆಟ್ರೋಲ್ ವಾಸನೆ ಬರುತ್ತಿದೆಯೇ? ಪೆಟ್ರೋಲ್ ಹೆಚ್ಚಾಗಿ ಪ್ಲಗ್ ನೆನೆದಿದೆ. ಹಸಿ ಸೌದೆಯ ಹಾಗೆ. ಚೋಕ್ ಒಳಗೆ ತಳ್ಳಿ. ಹತ್ತು ನಿಮಿಷ ಬಿಡಿ. ಆಮೇಲೆ ಎಕ್ಸಿಲೇಟರ್ ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆಯಿರಿ. ಸ್ಟಾರ್ಟ್ ಆದ ಕೂಡಲೇ ಎಕ್ಸಿಲೇಟರ್ ಬಿಡಿ.

ಪೆಟ್ರೋಲ್ ವಾಸನೆಯೇ ಇಲ್ಲದಿದ್ದರೆ? ಆಗ ಕಾರ್ಬರೇಟರಿನ ಸಣ್ಣ ತೂತು ಕಟ್ಟಿದೆ. ಅದನ್ನು ಬಿಚ್ಚಿ ತೊಳೆಯಬೇಕು. ತಂತಿ ಹಾಕಿ ಚುಚ್ಚಬಾರದು, ತೂತು ದೊಡ್ಡದಾಗುತ್ತದೆ. ಈ ಕೆಲಸ ಬಲ್ಲವರಿಂದ ಮಾಡಿಸಿ.

ಸ್ಟಾರ್ಟ್ ಆಯಿತೇ? ಒಳ್ಳೆಯದು. ಕೂಡಲೇ ರೇಸ್ ಮಾಡಬೇಡಿ. ಎರಡು ಮೂರು ನಿಮಿಷ ಹಾಗೇ ಓಡಲಿ. ಇಂಜಿನ್ ಬಿಸಿಯಾದ ಹಾಗೆ ಚೋಕ್ ಒಳಗೆ ತಳ್ಳಿ. ಟೂ ಸ್ಟ್ರೋಕ್ ಗಾಡಿಯಲ್ಲಿ ಮೊದಲು ಸ್ವಲ್ಪ ಹೊಗೆ ಬರುವುದು ಸಹಜ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಉರಿಯುತ್ತಿದೆ. ತೋರಿಸಬೇಕು.

ಮೆಕ್ಯಾನಿಕ್ ಹತ್ತಿರ ಹೇಗೆ ಮಾತಾಡಬೇಕು?

ಎಲ್ಲವನ್ನೂ ನಾವೇ ಮಾಡಲು ಆಗುವುದಿಲ್ಲ. ಆದರೆ ಸುಮ್ಮನೆ "ನೋಡಣ್ಣಾ, ಏನೋ ಆಗೈತೆ" ಅಂದರೆ ಖರ್ಚು ಹೆಚ್ಚಾಗಬಹುದು. ಏನು ನೋಡಿದ್ದೀರಿ, ಏನು ಮಾಡಿದ್ದೀರಿ ಎಂದು ಹೇಳಿ. ಮಾತು ಹೀಗಿರಲಿ.

"ಅಣ್ಣಾ, ಗಾಡಿ ನಾಲ್ಕು ತಿಂಗಳು ನಿಂತಿತ್ತು. ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಿದೀನಿ. ಪ್ಲಗ್ ಒರೆಸಿದೀನಿ. ಆದ್ರೂ ಸ್ಟಾರ್ಟ್ ಆಗ್ತಿಲ್ಲ."

"ಹಂಗಾದ್ರೆ ಕಾರ್ಬರೇಟರ್ ಕಟ್ಟಿರ್ಬೇಕು ಅಕ್ಕಾ. ಬಿಚ್ಚಿ ತೊಳೀಬೇಕು."

"ಎಷ್ಟಾಗುತ್ತೆ ಮೊದಲೇ ಹೇಳಣ್ಣಾ. ಯಾವುದಾದ್ರೂ ಹೊಸ ಸಾಮಾನು ಹಾಕೋದಿದ್ರೆ ಕೇಳಿ ಹಾಕು. ಹಳೇ ಸಾಮಾನು ನನಗೆ ವಾಪಸ್ ಕೊಡು."

ನೋಡಿ, ಈ ಮಾತಿನಲ್ಲಿ ಜಗಳ ಇಲ್ಲ, ಅನುಮಾನವೂ ಇಲ್ಲ. ಆದರೆ ಕೇಳುವವರಿಗೆ ವಿಷಯ ಗೊತ್ತಿದೆ ಅಂತ ತಿಳಿಯುತ್ತದೆ. ಹೆಂಗಸರು ಕೂಡ ಹೀಗೆ ಧೈರ್ಯವಾಗಿ ಕೇಳಬಹುದು. ಸಾಮಾನಿನ ಬಿಲ್ ತೆಗೆದುಕೊಳ್ಳಿ, ಓದಿ, ಜೋಪಾನವಾಗಿ ಇಡಿ.

ಏಳನೇ ಕೆಲಸ: ಕಾಗದ ಓದಿ

ಗಾಡಿ ನಿಂತಿದ್ದರೂ ತಾರೀಖು ನಿಲ್ಲುವುದಿಲ್ಲ. ನೀವು ಊರಲ್ಲಿ ಇಲ್ಲದಾಗ ಇನ್ಶೂರೆನ್ಸ್ ಮುಗಿದಿರಬಹುದು. ಇನ್ಶೂರೆನ್ಸ್ ಕಾಗದ ತೆಗೆದು ಕೊನೆಯ ತಾರೀಖು ಓದಿ.

2018ರ ಸೆಪ್ಟೆಂಬರ್‌ನಿಂದ ಹೊಸ ಗಾಡಿ ಕೊಳ್ಳುವಾಗಲೇ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾಡಿಸಬೇಕು ಎಂಬ ನಿಯಮ ಬಂತು. ಐದು ವರ್ಷ ಆದ ಮೇಲೆ ಎಷ್ಟೋ ಜನ ಮರೆತುಬಿಡುತ್ತಾರೆ. ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು. ಎರಡೂ ಆಗಬಹುದು. ಮತ್ತೆ ಸಿಕ್ಕಿದರೆ ದಂಡ 4,000 ರೂಪಾಯಿ. 2019ರಲ್ಲಿ ಕಾನೂನು ತಿದ್ದಿದಾಗ ಬಂದ ದಂಡ ಇದು.

ದಂಡಕ್ಕಿಂತ ದೊಡ್ಡ ಕಷ್ಟ ಬೇರೆ ಇದೆ. ನಿಮ್ಮ ಗಾಡಿ ಯಾರಿಗಾದರೂ ತಗುಲಿ ಅವರು ತೀರಿಕೊಂಡರೆ, ಅವರ ಮನೆಯವರಿಗೆ ಪರಿಹಾರ ಕೊಡಿ ಎಂದು ಕೋರ್ಟ್ ಹೇಳುತ್ತದೆ. ಇನ್ಶೂರೆನ್ಸ್ ಇದ್ದರೆ ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ಗಾಡಿಯ ಯಜಮಾನ ಕೊಡಬೇಕು. ಇರುವ ಹೊಲವೂ ಹೋದೀತು.

ಆರ್.ಸಿ. ಪುಸ್ತಕ ಇಲ್ಲವೇ ಕಾರ್ಡ್ ನೋಡಿ. ರಿಜಿಸ್ಟ್ರೇಷನ್ 15 ವರ್ಷಕ್ಕೆ ಇರುತ್ತದೆ. ಆಮೇಲೆ ಗಾಡಿ ತೋರಿಸಿ, ಐದು ವರ್ಷಕ್ಕೆ ಮತ್ತೆ ಮಾಡಿಸಬೇಕು. ಹೊಗೆ ತಪಾಸಣೆಯ ಚೀಟಿಯ ತಾರೀಖನ್ನೂ ನೋಡಿ. ಲೈಸೆನ್ಸ್ ಇಲ್ಲದವರು ಗಾಡಿ ಮುಟ್ಟಬಾರದು. ಚಿಕ್ಕ ಮಕ್ಕಳ ಕೈಗೆ ಗಾಡಿ ಕೊಟ್ಟರೆ ತಂದೆತಾಯಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು ಕಾನೂನು ಹೇಳುತ್ತದೆ.

ಎಂಟನೇ ಕೆಲಸ: ಓಡಿಸಿ ನೋಡುವುದು

ಹೆಲ್ಮೆಟ್ ಹಾಕಿ. ಅದರ ಮೇಲೆ ಐ.ಎಸ್.ಐ. ಗುರುತು ಇರಬೇಕು. ಮೊದಲ ಸಲ ಒಬ್ಬರೇ ಓಡಿಸಿ. ಹೆಂಡತಿ, ಮಕ್ಕಳು, ಮೂಟೆ ಯಾವುದೂ ಬೇಡ. ಜನ ಇಲ್ಲದ ಮಟ್ಟಸ ಜಾಗಕ್ಕೆ ಹೋಗಿ.

ಮೊದಲು ನಡೆಯುವ ವೇಗದಲ್ಲಿ ಹೋಗಿ ಬ್ರೇಕ್ ಹಿಡಿಯಿರಿ. ಆಮೇಲೆ ಸೈಕಲ್ ವೇಗದಲ್ಲಿ ಹೋಗಿ ಹಿಡಿಯಿರಿ. ಎರಡು ಬ್ರೇಕೂ ಹಿಡಿಯುತ್ತವೆಯೇ? ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ? ಹೆಡ್‌ಲೈಟ್, ಹಿಂದಿನ ಕೆಂಪು ದೀಪ, ಹಾರ್ನ್ ನೋಡಿ. ನಮ್ಮ ರಸ್ತೆಗಳಲ್ಲಿ ರಾತ್ರಿ ಹಿಂದಿನ ದೀಪ ಇಲ್ಲದ ಗಾಡಿ ಲಾರಿಯವರ ಕಣ್ಣಿಗೆ ಕಾಣುವುದೇ ಇಲ್ಲ.

ಒಂದೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಚಕ್ರದ ನಡುವಿನ ಭಾಗದ ಹತ್ತಿರ ಕೈ ತಂದು ನೋಡಿ, ಮುಟ್ಟಬೇಡಿ. ತುಂಬಾ ಬಿಸಿ ಇದ್ದರೆ ಬ್ರೇಕ್ ಉಜ್ಜುತ್ತಿದೆ ಎಂದರ್ಥ. ಸರಿಮಾಡಿಸಿ. ಇಷ್ಟೆಲ್ಲ ಸರಿ ಇದ್ದರೆ ನಿಮ್ಮ ಗಾಡಿ ರಸ್ತೆಗೆ ಸಿದ್ಧ.

ಮುಂದಿನ ಸಲ ಊರು ಬಿಡುವ ಮುಂಚೆ

ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಕಾರ್ಬರೇಟರ್ ಖಾಲಿಯಾಗುತ್ತದೆ, ಅಂಟು ಕೂರುವುದಿಲ್ಲ. ಒಲೆ ಇರುವ ಮನೆಯೊಳಗೆ ಗಾಡಿ ಇಡುವುದಾದರೆ ಟ್ಯಾಂಕಿನ ಪೆಟ್ರೋಲ್ ತೆಗೆದುಬಿಡಿ. ಬ್ಯಾಟರಿಯ ಕಪ್ಪು ವೈರ್ ಬಿಚ್ಚಿಡಿ. ಡಬಲ್ ಸ್ಟ್ಯಾಂಡ್ ಹಾಕಿ. ಹುಲ್ಲು, ಗೊಬ್ಬರದ ಹತ್ತಿರ ಇಡಬೇಡಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ತೆಗೆಯಲು ಮರೆಯದ ಹಾಗೆ ಅದರ ತುದಿ ಹೊರಗೆ ಬಿಡಿ.

ಊರಿನಲ್ಲಿ ಲೈಸೆನ್ಸ್ ಇರುವ ಅಣ್ಣನೋ ಭಾವನೋ ಇದ್ದರೆ ಗಾಡಿ ಖಾಲಿ ಮಾಡುವುದೇ ಬೇಡ. ಎರಡು ವಾರಕ್ಕೊಮ್ಮೆ ಹದಿನೈದಿಪ್ಪತ್ತು ನಿಮಿಷ ಓಡಿಸಲು ಹೇಳಿ. ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಪ್ರಯೋಜನ ಇಲ್ಲ.

ಆಯುಧಪೂಜೆಗೆ ನಾವು ಗಾಡಿ ತೊಳೆದು, ಹೂ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಅದು ನಮ್ಮ ನಂಬಿಕೆ, ಒಳ್ಳೆಯದೇ. ಅದರ ಜೊತೆಗೆ ಬ್ರೇಕ್ ಕೂಡ ನೋಡೋಣ. ಆರು ತಿಂಗಳು ದುಡಿದು ತಂದ ದುಡ್ಡು, ನಮ್ಮನ್ನು ನಂಬಿ ಹಿಂದೆ ಕೂರುವ ಮಕ್ಕಳು, ಎರಡೂ ಆ ಒಂದು ಹಿಡಿಯ ಮೇಲೆ ನಿಂತಿವೆ.

ಓದಿ, ಉತ್ತರ ಹೇಳಿ

1. ನಿಂತ ಗಾಡಿಯಲ್ಲಿ ಮೊದಲು ಏನು ನೋಡಬೇಕು? ಏಕೆ?
2. ಪೆಟ್ರೋಲಿಗೆ ಬೆಂಕಿ ಹತ್ತಿದರೆ ಏನು ಮಾಡಬೇಕು?
3. ಟೈರಿನ ಮೇಲೆ 3621 ಎಂದು ಇದ್ದರೆ ಅದು ಯಾವ ವರ್ಷದ ಟೈರ್?
4. ಮಗು ಪೆಟ್ರೋಲ್ ಕುಡಿದರೆ ಏನು ಮಾಡಬಾರದು?

ನೀವೇ ಬರೆಯಿರಿ

ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ಗಾಡಿಗಾಗಿ ಬಿಡಿ. ಅದರಲ್ಲಿ ಗಾಡಿಯ ನಂಬರ್, ಇನ್ಶೂರೆನ್ಸ್ ಮುಗಿಯುವ ತಾರೀಖು, ಹೊಗೆ ಚೀಟಿ ಮುಗಿಯುವ ತಾರೀಖು, ಆಯಿಲ್ ಬದಲಾಯಿಸಿದ ದಿನ, ಎರಡು ಟೈರಿನ ನಾಲ್ಕು ಅಂಕಿ ಬರೆಯಿರಿ. ಮನೆಯವರಿಗೆ ಓದಿ ಹೇಳಿ.